ಪಾಲುದಾರನ ಹೆಸರು ಎಲ್ಲಿ?



ಕಳೆದ ಮಳೆಗಾಲದ ಒಂದು ಭಾನುವಾರ. ಎರಡನೆಯ ಬಲಿಪೂಜೆ ಮುಗಿಸಿ ಕಚೇರಿಗೆ ಬಂದಾಗ ನಮ್ಮ ಆರ್.ಟಿ. ನಗರದ ಗೃಹಸ್ಥರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮಗಳ ನರ್ಸಿಂಗ್ ಕಾಲೇಜಿನ ಪ್ರವೇಶಪತ್ರ. "ಫಾದರ್, ಒಂದು ಲೆಟರ್ ಬೇಕಿತ್ತು" ಎಂದರು. ಜ್ಞಾನಸ್ನಾನದ ಪತ್ರವೋ, ಇವರು ನಮ್ಮ ಧರ್ಮಕೇಂದ್ರದವರು ಎಂಬ ಪತ್ರವೋ ಇರಬೇಕೆಂದು ಮೇಜಿನ ಖಾನೆ ಎಳೆದೆ. ಅವರಿಗೆ ಬೇಕಾಗಿದ್ದುದು ಅದಲ್ಲ. ತಮಗೆ ವರ್ಷಕ್ಕೆ ಸುಮಾರು 8 ಲಕ್ಷ ರೂಪಾಯಿ ಆದಾಯವಿದೆ ಎಂದು ನಾನು ಬರೆದು, ಸಹಿ ಮಾಡಿ, ಚರ್ಚಿನ ಮೊಹರು ಒತ್ತಿಕೊಡಬೇಕಿತ್ತು. ಮಗಳ ವಿದ್ಯಾಭ್ಯಾಸ ಸಾಲಕ್ಕೆ ಬ್ಯಾಂಕಿನವರು ಮೂರು ವರ್ಷಗಳ ಆದಾಯ ತೆರಿಗೆ ವಿವರಪತ್ರ ಕೇಳಿದ್ದರು. ಇವರ ಬಳಿ ಒಂದು ವರ್ಷದ್ದೂ ಇರಲಿಲ್ಲ.

ದುಡಿಯದ ಮನುಷ್ಯರಲ್ಲ ಅವರು. ಹನ್ನೊಂದು ವರ್ಷಗಳಿಂದ ಮತ್ತೊಬ್ಬ ವಿಶ್ವಾಸಿಯೊಡನೆ ಸೇರಿ ಏ.ಸಿ. ರಿಪೇರಿ ಮತ್ತು ವೈರಿಂಗ್ ಕೆಲಸ ಮಾಡುತ್ತಿದ್ದಾರೆ. ಒಂದು ಸ್ಕೂಟರು, ಒಂದು ಏಣಿ, ಇಬ್ಬರ ಹೆಂಡತಿಯರ ಒಡವೆ ಅಡವಿಟ್ಟು ತಂದ ಸ್ವಲ್ಪ ಹಣ, ಇಷ್ಟರಿಂದ ಆರಂಭ. ಈಗ ಹೆಬ್ಬಾಳದಿಂದ ಯಲಹಂಕದವರೆಗೆ ಅಪಾರ್ಟ್‌ಮೆಂಟುಗಳು, ಕೆಲವು ಕಂಪನಿಗಳು ಇವರ ಗಿರಾಕಿಗಳು. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅರ್ಧ. ಬಾಯಿಮಾತಿನ ಒಪ್ಪಂದ. ಒಂದು ರೂಪಾಯಿಯ ಜಗಳವೂ ಆಗಿಲ್ಲ. ಆದರೆ ಕಂಪನಿಗಳು ಹಣ ಹಾಕುವುದು ಹಿರಿಯ ಪಾಲುದಾರರ ಬ್ಯಾಂಕ್ ಖಾತೆಗೆ. ಕಡಿತವಾಗುವ ಟಿ.ಡಿ.ಎಸ್. ಅವರ ಪ್ಯಾನ್ ನಂಬರಿಗೆ. ವಿವರಪತ್ರ ಸಲ್ಲಿಸುವವರೂ ಅವರೇ. ಕಿರಿಯರಿಗೆ ಕೊಟ್ಟ ಅರ್ಧವನ್ನು ಆ ಲೆಕ್ಕದಲ್ಲಿ ಏನೆಂದು ತೋರಿಸಿದ್ದಾರೆ? ‘ಕೂಲಿ ಖರ್ಚು’ ಎಂದು. ಕಿರಿಯರು ತಮ್ಮ ಹೆಸರಿನಲ್ಲಿ ಏನನ್ನೂ ಸಲ್ಲಿಸಿಲ್ಲ.

ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿದ್ದೇನೆ. ಪಾಪನಿವೇದನೆಯಲ್ಲಿ ಕೇಳಿದ್ದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಪತ್ರ ಬರೆದುಕೊಡಲಿಲ್ಲ. ಕೊಡಲಾಗದು ಎಂದು ಹೇಳುವಾಗ ಆ ಹೆಣ್ಣುಮಗುವಿನ ಪ್ರವೇಶಪತ್ರ ನನ್ನ ಮುಂದೆಯೇ ಇತ್ತು. ಸತ್ಯ ಗೊತ್ತಿದ್ದೂ ಬರೆದುಕೊಡದ ಗುರು ಎಂಥವನು ಎಂದು ಅವರು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ನನಗೆ ಗೊತ್ತಿದ್ದುದು ಅವರ ಮಾತು ಮಾತ್ರ, ಲೆಕ್ಕವಲ್ಲ. ಸರಕಾರಕ್ಕೆ ಸಲ್ಲಿಸಿದ ಕಾಗದ ಒಂದು ಹೇಳುತ್ತಿದ್ದರೆ ಚರ್ಚಿನ ಮೊಹರು ಇನ್ನೊಂದನ್ನು ಹೇಳುವುದು ಹೇಗೆ? "ನಿಮ್ಮ ಪಾಲುದಾರರನ್ನೂ ಕರೆದುಕೊಂಡು ಬನ್ನಿ" ಎಂದು ಕಳುಹಿಸಿದೆ.

ಮುಂದಿನ ಭಾನುವಾರ ಇಬ್ಬರೂ ಬಂದರು. ಹಿರಿಯರಿಗೆ ಸ್ವಲ್ಪ ಸಿಟ್ಟು ಬಂದಿತ್ತು. "ಸ್ವಾಮಿ, ಇವನ ಪಾಲಿನಲ್ಲಿ ಒಂದು ಕಾಸು ನಾನು ಮುಟ್ಟಿದ್ದೇನಾ, ಇವನನ್ನೇ ಕೇಳಿ" ಎಂದರು. ಕಿರಿಯರು ತಲೆಯಾಡಿಸಿ, "ಇಲ್ಲ ಫಾದರ್, ಅಣ್ಣ ದೇವರಂಥವರು. ಹೀಗೇ ಮಾಡೋಣ ಅಂತ ನಾನೂ ಒಪ್ಪಿದ್ದೆ" ಎಂದರು. ಎರಡೂ ನಿಜವೇ.

ಪ್ರಿಯರೇ, ತೆರಿಗೆಯ ಮಾತು ಬಂದಾಗ ನಾವು ಸಾಮಾನ್ಯವಾಗಿ ಏಳನೆಯ ಕಟ್ಟಳೆಯನ್ನು ನೆನೆಯುತ್ತೇವೆ: ಕದಿಯಬಾರದು. ಸರಕಾರಕ್ಕೆ ಸಲ್ಲಬೇಕಾದುದನ್ನು ಉಳಿಸಿಕೊಂಡೆವೇ, ಎಷ್ಟು ಉಳಿಸಿಕೊಂಡೆವು, ಇಷ್ಟೇ ಪ್ರಶ್ನೆ. ಒಬ್ಬನೇ ದುಡಿಯುವವನಿಗೆ ಅದು ಸಾಕಾಗಬಹುದು. ಇಬ್ಬರು ಕೂಡಿ ದುಡಿದಾಗ ವಿಷಯ ಎಂಟನೆಯ ಕಟ್ಟಳೆಗೂ ಬರುತ್ತದೆ: ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದು. ಹಂಚಿಕೊಂಡ ಆದಾಯದ ಲೆಕ್ಕಪತ್ರಕ್ಕೆ ಸಹಿ ಹಾಕುವವನು ತನ್ನ ಬಗ್ಗೆ ಮಾತ್ರ ಹೇಳುವುದಿಲ್ಲ, ತನ್ನ ಜೊತೆಗಾರನ ಬಗ್ಗೆಯೂ ಸಾಕ್ಷಿ ನುಡಿಯುತ್ತಾನೆ. ಹಿರಿಯರು ಹನ್ನೊಂದು ವರ್ಷ ನುಡಿದ ಸಾಕ್ಷಿ ಏನು? ಈತ ನನ್ನ ಪಾಲುದಾರನಲ್ಲ, ನನ್ನ ಕೂಲಿಯವನು ಎಂದು. ಕೈಯಲ್ಲಿ ಅರ್ಧ ಕೊಟ್ಟರು, ಕಾಗದದಲ್ಲಿ ಇಡೀ ಮನುಷ್ಯನನ್ನೇ ಅಳಿಸಿದರು. ಕೂಲಿ ಎಂಬುದು ಕೀಳು ಮಾತಲ್ಲ. ಆದರೆ ಅದು ಸತ್ಯವಲ್ಲ.

ನಾನು ಹಿರಿಯರಿಗೆ ಒಂದೇ ಪ್ರಶ್ನೆ ಕೇಳಿದೆ. ದೇವರು ಹಾಗೆ ಮಾಡದಿರಲಿ, ನಾಳೆ ನಿಮಗೆ ಏನಾದರೂ ಆದರೆ, ಗಿರಾಕಿಗಳಿಂದ ಬರಬೇಕಾದ ಹಣ, ವ್ಯಾನು, ಸಾಮಾನು, ಇವುಗಳಲ್ಲಿ ಅರ್ಧ ಇವರದು ಎಂದು ನಿಮ್ಮ ಮಕ್ಕಳಿಗೆ ಯಾವ ಕಾಗದ ತೋರಿಸಬೇಕು? ಮಕ್ಕಳು ಆಡಿಟರ ಬಳಿ ಹೋದರೆ ಅಲ್ಲಿ ಸಿಗುವುದು ಅಪ್ಪನೇ ಸಹಿ ಹಾಕಿದ, ಇವರನ್ನು ಆಳು ಎನ್ನುವ ಕಾಗದ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು, ಆಶ್ಚರ್ಯವೆನ್ನಿಸಿದರೂ, ಒಂದು ಒಳ್ಳೆಯ ಪ್ರವಚನದಂತಿದೆ. ಪಾಲುದಾರಿಕೆ ಕಾಯ್ದೆ 1932ರದು. ಕೆಲವರು ಕೂಡಿ, ಎಲ್ಲರೂ ಸೇರಿಯೋ ಎಲ್ಲರ ಪರವಾಗಿ ಒಬ್ಬರೋ ನಡೆಸುವ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದರೆ ಅದೇ ಪಾಲುದಾರಿಕೆ. ಕಾಗದ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಪಾಲುದಾರರು ಒಬ್ಬರಿಗೊಬ್ಬರು ನ್ಯಾಯವಂತರೂ ನಂಬಿಗಸ್ತರೂ ಆಗಿರಬೇಕು, ನಿಜವಾದ ಲೆಕ್ಕವನ್ನು ಒಪ್ಪಿಸಬೇಕು ಎಂದು ಅದೇ ಕಾಯ್ದೆಯ 9ನೆಯ ಸೆಕ್ಷನ್ ವಿಧಿಸುತ್ತದೆ. ವ್ಯವಹಾರದ ಹೊಣೆಗೆ ಪ್ರತಿಯೊಬ್ಬ ಪಾಲುದಾರನೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯ. ಎಂದರೆ ಒಬ್ಬನ ಸುಳ್ಳಿಗೆ ಇನ್ನೊಬ್ಬನ ಮನೆಯ ಬಾಗಿಲನ್ನೂ ತಟ್ಟಬಹುದು. ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಾಯಿಸದ ಪಾಲುದಾರಿಕೆಯಲ್ಲಿ ಒಪ್ಪಂದದ ಹಕ್ಕಿಗಾಗಿ ಒಬ್ಬ ಪಾಲುದಾರ ಇನ್ನೊಬ್ಬನ ಮೇಲೆ ದಾವೆ ಹೂಡುವಂತಿಲ್ಲ. ಬಾಯಿಮಾತನ್ನು ನಂಬಿದವನಿಗೆ ಸಿಗುವ ಬಹುಮಾನ ಅದು.

ಶುಭಸಂದೇಶದಲ್ಲಿ ಪಾಲುದಾರರು ಯಾರಾದರೂ ಇದ್ದಾರೆಯೇ? ಇದ್ದಾರೆ. ಮೊದಲ ಶಿಷ್ಯರೇ. ಸಂತ ಲೂಕರು ಐದನೆಯ ಅಧ್ಯಾಯದಲ್ಲಿ ಬಲೆ ಹರಿಯುವಷ್ಟು ಮೀನು ಸಿಕ್ಕಿದ ದಿನವನ್ನು ವರ್ಣಿಸುವಾಗ, ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನರು ಸೀಮೋನನ ಪಾಲುಗಾರರಾಗಿದ್ದರು ಎಂದು ಸ್ಪಷ್ಟವಾಗಿ ಹೇಳುತ್ತಾರೆ. ಅಲ್ಲಿರುವ ಗ್ರೀಕ್ ಪದ ‘ಕೊಯಿನೊನೊಯ್’. ವಿಶ್ವಾಸಿಗಳ ಅನ್ಯೋನ್ಯತೆಗೆ ಧರ್ಮಸಭೆ ಇಂದಿಗೂ ಬಳಸುವ ‘ಕೊಯಿನೊನಿಯ’ ಅದೇ ಬೇರಿನ ಮಾತು. ಸೆಮಿನರಿಯಲ್ಲಿ ಇದನ್ನು ಓದುವಾಗ ನನಗೆ ಪ್ರಸಾದದ ಕಡೆಗೇ ಗಮನ ಹೋಗಿತ್ತು, ಮೀನಿನ ಕಡೆಗೆ ಹೋಗಿರಲಿಲ್ಲ. ಈಗ ಅನ್ನಿಸುತ್ತದೆ, ಆ ಸರೋವರದ ದಡದಲ್ಲಿ ಎರಡು ದೋಣಿಗಳ ಲೆಕ್ಕ ನಡೆಯುತ್ತಿತ್ತು, ಅನತಿದೂರದಲ್ಲೇ ಸುಂಕದ ಕಟ್ಟೆಯಲ್ಲಿ ಲೇವಿ ಕುಳಿತಿರುತ್ತಿದ್ದ. ಪ್ರಭು ಆ ಎರಡೂ ಕಡೆಯಿಂದ ಶಿಷ್ಯರನ್ನು ಕರೆದರು.

ಅದೇ ಪೇತ್ರರನ್ನು ಪ್ರೇಷಿತರ ಕಾರ್ಯಕಲಾಪಗಳ ಐದನೆಯ ಅಧ್ಯಾಯದಲ್ಲಿ ನೋಡಿ. ಅನನೀಯ, ಸಫೈರ ದಂಪತಿಗಳು ಆಸ್ತಿಯೊಂದನ್ನು ಮಾರಿ, ಹಣದಲ್ಲಿ ಒಂದು ಭಾಗವನ್ನು ಬಚ್ಚಿಟ್ಟು, ಇದೇ ಪೂರ್ತಿ ಎಂಬಂತೆ ತಂದಿಟ್ಟರು. ಪೇತ್ರರ ಮಾತಿನ ಒಳಾರ್ಥ ಗಮನಿಸಬೇಕು: ಮಾರುವ ಮೊದಲು ಆಸ್ತಿ ನಿಮ್ಮದೇ, ಮಾರಿದ ಮೇಲೆ ಹಣವೂ ನಿಮ್ಮ ಅಧೀನದಲ್ಲೇ ಇತ್ತಲ್ಲ. ಇಟ್ಟುಕೊಂಡದ್ದು ಅಪರಾಧವಲ್ಲ, ಸುಳ್ಳಾಡಿದ್ದು ಅಪರಾಧ. ಇನ್ನೂ ಒಂದು ವಿಷಯ ಆ ಕಥೆಯಲ್ಲಿದೆ. ಹೆಂಡತಿ ಬಂದದ್ದು ಸುಮಾರು ಮೂರು ಗಂಟೆಗಳ ನಂತರ. ಪೇತ್ರರು ಗಂಡನ ಪಾಪವನ್ನು ಆಕೆಯ ತಲೆಗೆ ಕಟ್ಟಲಿಲ್ಲ. ಇಷ್ಟಕ್ಕೇ ಮಾರಿದಿರಾ ಎಂದು ಆಕೆಯನ್ನೇ ಪ್ರತ್ಯೇಕವಾಗಿ ಕೇಳಿದರು. ಆಕೆಗೆ ಆಕೆಯದೇ ಒಂದು ಅವಕಾಶವಿತ್ತು. ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದರು ಎಂಬುದು ಆಕೆಯನ್ನು ಉಳಿಸಲಿಲ್ಲ. ನಮ್ಮ ಕಿರಿಯ ಪಾಲುದಾರರ "ನಾನೂ ಒಪ್ಪಿದ್ದೆ" ಎಂಬ ಮಾತು ನನಗೆ ಆ ಮೂರು ಗಂಟೆಗಳನ್ನು ನೆನಪಿಸಿತು.

ಇಲ್ಲಿ ಕೆಲವರು ಒಂದು ಹಳೆಯ ವಾದ ತೆಗೆಯುತ್ತಾರೆ. ತೆರಿಗೆಯ ಕಾನೂನು ಮನಸ್ಸಾಕ್ಷಿಯನ್ನು ಕಟ್ಟುವುದಿಲ್ಲ, ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತು ಎಂದು. ಇದು ಬೀದಿಯ ಮಾತು ಮಾತ್ರವಲ್ಲ. ‘ಕೇವಲ ದಂಡನೆಯ ಕಾನೂನು’ ಎಂಬ ಹೆಸರಿನಲ್ಲಿ ದೇವಶಾಸ್ತ್ರಜ್ಞರೇ ಇದನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಯೇಸುಸಭೆಯ ಸುವಾರೆಸ್ 1612ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದಕ್ಕೆ ಜಾಗ ಕೊಟ್ಟಿದ್ದಾರೆ. ಅರಸನು ತನ್ನ ಯುದ್ಧಕ್ಕೆ, ತನ್ನ ವೈಭವಕ್ಕೆ ಮನಬಂದಂತೆ ಕರ ಹೇರುತ್ತಿದ್ದ ಕಾಲದಲ್ಲಿ ಬಡವನ ಮನಸ್ಸಾಕ್ಷಿಗೆ ಉಸಿರಾಡಲು ಕಿಟಕಿಯೊಂದನ್ನು ತೆರೆದ ವಾದ ಅದು ಎಂದು ನಾನು ಅದನ್ನು ಗೌರವಿಸುತ್ತೇನೆ. ಆದರೆ ಧರ್ಮಸಭೆ ಅಲ್ಲಿ ನಿಲ್ಲಲಿಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಇಂದಿನ ಜಗತ್ತಿನಲ್ಲಿ ಧರ್ಮಸಭೆಯ ಕುರಿತ ತನ್ನ ಸಂವಿಧಾನದ 30ನೆಯ ಪರಿಚ್ಛೇದದಲ್ಲಿ, ನ್ಯಾಯವಾದ ತೆರಿಗೆಯನ್ನು ಮೋಸದಿಂದ ತಪ್ಪಿಸುವವರನ್ನು ಬರೀ ತನ್ನಷ್ಟಕ್ಕೆ ತಾನು ಬದುಕುವ ನೀತಿಗೆ ಉದಾಹರಣೆಯಾಗಿ ತೋರಿಸಿತು. 1992ರ ಧರ್ಮೋಪದೇಶ ಗ್ರಂಥ ತೆರಿಗೆ ಕೊಡುವುದನ್ನು ನೈತಿಕ ಕರ್ತವ್ಯವೆಂದು 2240ನೆಯ ಪರಿಚ್ಛೇದದಲ್ಲೂ, ತೆರಿಗೆ ವಂಚನೆಯನ್ನು ಏಳನೆಯ ಕಟ್ಟಳೆಗೆ ವಿರುದ್ಧವಾದ ಕೃತ್ಯಗಳ ಸಾಲಿನಲ್ಲಿ 2409ನೆಯ ಪರಿಚ್ಛೇದದಲ್ಲೂ ಎಣಿಸುತ್ತದೆ.

ಸರಕಾರದವರೇ ತಿನ್ನುತ್ತಾರಲ್ಲ, ನಮ್ಮ ರಸ್ತೆಯ ಗುಂಡಿ ನೋಡಿದಿರಾ ಸ್ವಾಮಿ ಎನ್ನುವವರಿಗೆ: ನೋಡಿದ್ದೇನೆ, ರಾತ್ರಿ ರೋಗಿಯ ಮನೆಗೆ ಹೋಗುವಾಗ ಒಮ್ಮೆ ಬಿದ್ದೂ ಇದ್ದೇನೆ. ಅದಕ್ಕೆ ನಾನು ಕೇಳಬೇಕಾದುದು ಕಾರ್ಪೊರೇಷನ್ನನ್ನು. ಪಾಲುದಾರನನ್ನು ಕೂಲಿಯವನೆಂದು ಬರೆದರೆ ಗುಂಡಿ ಮುಚ್ಚುವುದಿಲ್ಲ.

ಇಷ್ಟೆಲ್ಲ ಬೋಧಿಸುವ ನಮ್ಮ ಕಡೆಯ ಮಾತನ್ನೂ ಹೇಳಿಬಿಡಬೇಕು. ಅನುದಾನಿತ ಶಾಲಾಕಾಲೇಜುಗಳಲ್ಲಿ ಬೋಧಿಸುವ ಧರ್ಮಗುರುಗಳು, ಕನ್ಯಾಸ್ತ್ರೀಯರು ತಮ್ಮ ಸಂಬಳವನ್ನು ಪೂರ್ತಿಯಾಗಿ ಸಭೆಗೆ ಒಪ್ಪಿಸುತ್ತಾರೆ. ಬಡತನದ ವ್ರತ ತೊಟ್ಟವರಿಗೆ ಸ್ವಂತ ಆದಾಯವೇ ಇಲ್ಲ, ಆದ್ದರಿಂದ ತೆರಿಗೆ ಕಡಿತ ಸಲ್ಲದು ಎಂದು ತಮಿಳುನಾಡು, ಕೇರಳಗಳಿಂದ ಹೊರಟ ವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2024ರ ನವೆಂಬರ್‌ನಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಂಬಳ ಯಾರ ಹೆಸರಿಗೆ ಬಂದಿತೋ ಅದು ಅವರ ಆದಾಯ, ಆಮೇಲೆ ಯಾರಿಗೆ ಕೊಟ್ಟರು ಎಂಬುದು ಬೇರೆ ವಿಷಯ. ತೀರ್ಪು ಬಂದ ದಿನ ನಮ್ಮಲ್ಲಿ ಕೆಲವರಿಗೆ ಬೇಸರವಾಯಿತು, ನನಗೂ ಆಯಿತು. ಈಗ ಯೋಚಿಸಿದರೆ, ಒಳಗಿನ ಹಂಚಿಕೆ ಎಷ್ಟೇ ಪವಿತ್ರವಾಗಿದ್ದರೂ ಹೊರಗಿನ ಲೆಕ್ಕದಲ್ಲಿ ಹೆಸರು ಸರಿಯಾಗಿರಬೇಕು ಎಂಬ ಪಾಠವನ್ನು ನಾವೂ ಕಲಿಯಬೇಕಾಯಿತು ಎನ್ನಿಸುತ್ತದೆ.

ಇನ್ನು ದುಡ್ಡಿನ ಮಾತು. ಸತ್ಯ ಹೇಳಿದರೆ ತೆರಿಗೆ ಕಡಿಮೆಯಾಗುತ್ತದೆ ಎಂದು ನಿಮಗೆ ಆಸೆ ಹುಟ್ಟಿಸಲಾರೆ. ಇವರಿಬ್ಬರ ಲಾಭ ವರ್ಷಕ್ಕೆ 16 ಲಕ್ಷ ಎಂದಿಟ್ಟುಕೊಳ್ಳಿ. 2025-26ರ ಹಣಕಾಸು ವರ್ಷದ ಹೊಸ ಪದ್ಧತಿಯ ದರದಲ್ಲಿ ಅಷ್ಟೂ ಒಬ್ಬರದೇ ಆದಾಯವಾಗಿದ್ದರೆ ಸೆಸ್ ಸೇರಿ ತೆರಿಗೆ 1,24,800 ರೂಪಾಯಿ. ಅರ್ಧವನ್ನು ಕೂಲಿ ಎಂದು ಕಳೆದು 8 ಲಕ್ಷವೆಂದು ತೋರಿಸಿದರೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆ. ಆಸೆ ಎಲ್ಲಿಂದ ಬಂತೆಂದು ಈಗ ತಿಳಿಯಿತಲ್ಲ! ಇದ್ದದ್ದನ್ನು ಇದ್ದಂತೆ, ಪಾಲುದಾರಿಕೆಯ ಫರ್ಮ್ ಎಂದು ತೋರಿಸಿದರೆ? 1992ರ ಹಣಕಾಸು ಕಾಯ್ದೆ ತಂದ ವ್ಯವಸ್ಥೆಯಂತೆ ಫರ್ಮಿನ ಲಾಭಕ್ಕೆ ಫರ್ಮೇ ತೆರಿಗೆ ಕಟ್ಟುತ್ತದೆ, ಪಾಲುದಾರನ ಕೈಗೆ ಬಂದ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲ. ಆದರೆ ಫರ್ಮಿಗೆ ವಿನಾಯಿತಿಯ ಮಿತಿಯಿಲ್ಲ, ಮೊದಲ ರೂಪಾಯಿಯಿಂದಲೇ ಶೇಕಡಾ 30. ದುಡಿಯುವ ಪಾಲುದಾರರಿಗೆ ಕೊಡುವ ಸಂಬಳವನ್ನು ಒಂದು ಮಿತಿಯವರೆಗೆ ಕಳೆಯಬಹುದು. 16 ಲಕ್ಷಕ್ಕೆ ಆ ಮಿತಿ 11,40,000 ರೂಪಾಯಿ. ಉಳಿದ 4,60,000ಕ್ಕೆ ಸೆಸ್ ಸೇರಿ 1,43,520 ರೂಪಾಯಿ ತೆರಿಗೆ. ಆ ಸಂಬಳ ಇಬ್ಬರ ವಿವರಪತ್ರಗಳಲ್ಲೂ ಕಾಣಿಸಿಕೊಳ್ಳಬೇಕು, ಬೇರೆ ಆದಾಯವಿಲ್ಲದಿದ್ದರೆ ಅದಕ್ಕೆ ತೆರಿಗೆ ಬೀಳುವುದಿಲ್ಲ. ಪಾಲುಗಳನ್ನೂ ಸಂಬಳವನ್ನೂ ನಮೂದಿಸಿದ ಲಿಖಿತ ಪಾಲುದಾರಿಕೆ ಪತ್ರ ಇಲ್ಲವೆಂದಾದರೆ ಆ ಸಂಬಳ ಕಳೆಯುವ ಅನುಕೂಲವೂ ಇಲ್ಲ.

ವರ್ಷಕ್ಕೆ ತಲಾ 71,760 ರೂಪಾಯಿ. ಸಣ್ಣ ಮೊತ್ತವಲ್ಲ, ಒಂದು ಮಗುವಿನ ಶಾಲೆಯ ಫೀಸು. ಸಣ್ಣ ವ್ಯಾಪಾರಗಳಿಗೆ ವಹಿವಾಟಿನ ಮೇಲೆ ಅಂದಾಜು ಆದಾಯ ಘೋಷಿಸುವ ಸರಳ ಪದ್ಧತಿಯೂ ಇದೆ, ಫರ್ಮುಗಳಿಗೂ ಅದು ಸಿಗುತ್ತದೆ. ಕಾನೂನು ತೆರೆದಿಟ್ಟ ಬಾಗಿಲಿನಲ್ಲಿ ಹಾದುಹೋಗುವುದು ಪಾಪವಲ್ಲ. ಇಬ್ಬರೂ ನಿಜವಾಗಿಯೇ ಬೇರೆಯಾಗಿ, ಬೇರೆ ಬೇರೆ ಕಾಂಟ್ರ್ಯಾಕ್ಟ್ ಹಿಡಿದು, ತಮ್ಮ ತಮ್ಮ ಹೆಸರಿನಲ್ಲಿ ಬಿಲ್ ಮಾಡಿದರೆ ಅದೂ ಪ್ರಾಮಾಣಿಕವೇ. ಕೂಡಿಯೇ ದುಡಿಯುತ್ತ, ಅರ್ಧ ಅರ್ಧ ಹಂಚಿಕೊಳ್ಳುತ್ತ, ಕಾಗದದಲ್ಲಿ ಮಾತ್ರ ಬೇರೆಯಾಗುವುದು ಹಾಗಲ್ಲ. ಯಾವುದು ಅನುಕೂಲವೆಂದು ಆಡಿಟರನ್ನು ಕೇಳಿ. 2025ರಲ್ಲಿ ಸಂಸತ್ತು 1961ರ ಕಾಯ್ದೆಗೆ ಬದಲಾಗಿ ಹೊಸ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಅಂಗೀಕರಿಸಿದೆ. ಸೆಕ್ಷನ್ನುಗಳ ನಂಬರುಗಳನ್ನು ನನ್ನಂಥ ಗುರುವಿನಿಂದ ಕಲಿಯಲು ಹೋಗಬೇಡಿ.

ಹೋದ ವರ್ಷಗಳ ಗತಿ ಏನು? ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಸಂತ ತೋಮಾಸ್ ಅಕ್ವಿನಾಸರು ಅನ್ಯಾಯವಾಗಿ ಬಂದುದನ್ನು ಹಿಂತಿರುಗಿಸುವ ಕರ್ತವ್ಯವನ್ನು ಚರ್ಚಿಸುವಾಗ, ಇನ್ನೊಬ್ಬನ ತಪ್ಪಿನಲ್ಲಿ ಮನುಷ್ಯ ಭಾಗಿಯಾಗುವ ಒಂಬತ್ತು ಬಗೆಗಳನ್ನು ಎಣಿಸುತ್ತಾರೆ. ಆಜ್ಞೆ ಕೊಡುವುದು, ಸಲಹೆ ಕೊಡುವುದು, ಒಪ್ಪುವುದು, ಹೊಗಳುವುದು, ಆಶ್ರಯ ಕೊಡುವುದು, ಪಾಲು ಪಡೆಯುವುದು. ಕೊನೆಯ ಮೂರು ಏನನ್ನೂ ಮಾಡದೆ ಭಾಗಿಯಾಗುವ ಬಗೆಗಳು: ಸುಮ್ಮನಿರುವುದು, ತಡೆಯದಿರುವುದು, ತಿಳಿಸದಿರುವುದು. ಸುಮ್ಮನಿದ್ದವರೆಲ್ಲ ಹಿಂತಿರುಗಿಸಲೇಬೇಕೆಂದು ಅವರು ಹೇಳುವುದಿಲ್ಲ. ಪಾಲು ಪಡೆದವನು, ತಡೆಯುವ ಕರ್ತವ್ಯವಿದ್ದೂ ತಡೆಯದವನು ಮಾತ್ರ ತಪ್ಪಿಸಿಕೊಳ್ಳಲಾಗದು ಎನ್ನುತ್ತಾರೆ. ಕಿರಿಯ ಪಾಲುದಾರರು ಎರಡೂ ಹೌದು. ತಾವು ಅನ್ಯಾಯಕ್ಕೊಳಗಾದವರೆಂದು ಮಾತ್ರ ಎಣಿಸಿಕೊಂಡು ಬಂದಿದ್ದ ಅವರಿಗೆ ಇದನ್ನು ಹೇಳುವಾಗ ನನಗೂ ಸಂಕಟವಾಯಿತು.

ಕಾನೂನಿನಲ್ಲಿ ಒಂದು ದಾರಿ ಇದೆ. 2022ರಲ್ಲಿ ಬಂದ ‘ನವೀಕೃತ ವಿವರಪತ್ರ’ದ ಅವಕಾಶವನ್ನು 2025ರಲ್ಲಿ ನಾಲ್ಕು ವರ್ಷಗಳಿಗೆ ವಿಸ್ತರಿಸಲಾಯಿತು. ಮುಚ್ಚಿಟ್ಟದ್ದನ್ನು ತಾನಾಗಿ ಹೇಳಿಕೊಂಡು ತೆರಿಗೆ, ಬಡ್ಡಿ, ಅದರ ಮೇಲೆ ತಡಮಾಡಿದಷ್ಟೂ ಏರುವ ಶೇಕಡಾ 25ರಿಂದ 70ರವರೆಗಿನ ಹೆಚ್ಚುವರಿ ತೆರಿಗೆ ಕಟ್ಟಬೇಕು. ದುಬಾರಿ ಎಂದು ಹಿರಿಯರು ಗೊಣಗಿದರು. ಜಕ್ಕಾಯನು ತಾನಾಗಿ ಹೇಳಿಕೊಂಡದ್ದು ನಾಲ್ಕು ಪಟ್ಟು ಎಂದು ನೆನಪಿಸಿದೆ. ಮೊದಲ ಸಲ ಇಬ್ಬರೂ ನಕ್ಕರು. ಆ ನಾಲ್ಕು ವರ್ಷಗಳಾಚೆಗಿನದು ಯಾವ ನಮೂನೆಗೂ ಹಿಡಿಯದು. ಸೇರಬೇಕಾದವರಿಗೆ ಸೇರಿಸಲಾಗದ್ದು ಬಡವರಿಗೆ ಸಲ್ಲಬೇಕು ಎಂಬುದು ಹಳೆಯ ನೀತಿಶಾಸ್ತ್ರದ ನಿಯಮ. ಅದನ್ನು ನಮ್ಮ ಚರ್ಚಿನ ಕಾಣಿಕೆ ಡಬ್ಬಿಗೆ ಹಾಕಬೇಡಿ ಎಂದೆ. ಯಾವುದಾದರೂ ಸರಕಾರಿ ಆಸ್ಪತ್ರೆಯ ರೋಗಿಗೆ, ಹೆಸರು ಹೇಳದೆ.

ಅವರಿಬ್ಬರೂ ಆಡಿಟರ ಬಳಿ ಹೋದರು. ಪಾಲುದಾರಿಕೆ ಪತ್ರ ಸಿದ್ಧವಾಯಿತು. ಸಹಿ ಹಾಕುವ ಮೊದಲು ನನಗೆ ತೋರಿಸಲು ತಂದಿದ್ದರು. ಕಿರಿಯರು ತಮ್ಮ ಹೆಸರಿರುವ ಸಾಲನ್ನು ಬೆರಳಿಟ್ಟು ಓದಿದರು, ಶೇಕಡಾ 50 ಎಂಬಲ್ಲಿ ನಿಂತರು. ಹಿರಿಯರಿಗೆ ಮಾತ್ರ ಒಂದು ಸಮಾಧಾನವಿಲ್ಲ. ಪತ್ರಕ್ಕೆ ಹನ್ನೊಂದು ವರ್ಷ ಹಿಂದಿನ ದಿನಾಂಕ ಹಾಕಿಸಬೇಕೆಂದು ಅವರ ಆಸೆ, ಹಾಗೆ ಮಾಡಿದರೆ ಅದು ಮತ್ತೊಂದು ಸುಳ್ಳಾಗುತ್ತದೆ ಎಂದು ಆಡಿಟರು ಒಪ್ಪಲಿಲ್ಲ. "ಹಾಗಾದರೆ ಆ ವರ್ಷಗಳನ್ನು ಎಲ್ಲಿ ಬರೆಯೋದು ಸ್ವಾಮಿ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಫರ್ಮಿನ ಮೊದಲ ವಿವರಪತ್ರ ಸಲ್ಲಿಕೆಯಾಗಲು ಇನ್ನೂ ಸಮಯವಿದೆ, ಕಾಲೇಜಿನ ಫೀಸಿಗೆ ಸಮಯವಿಲ್ಲ. ಮಗಳ ಸಾಲದ ಅರ್ಜಿಯಲ್ಲಿ ಜಾಮೀನುದಾರನ ಜಾಗಕ್ಕೆ ಹಿರಿಯರೇ ತಮ್ಮ ಹೆಸರು ಬರೆದು ಸಹಿ ಹಾಕಿದ್ದಾರೆ.